ಠಿಕಾಣಿ ಹೂಡಿದ ಬೀಗರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಬೀಗರೆಂದರೆ ಹೆಣ್ಣು ಕೊಟ್ಟವರು, ತಂದವರು ಮಾತ್ರವಲ್ಲ; ಅವರ ಅಣ್ಣತಮ್ಮಂದಿರು, ಸೋದರಮಾವಂದಿರು, ಒಟ್ಟಿನಲ್ಲಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುವ ಹಕ್ಕು ಪಡೆದವರೆಲ್ಲರೂ ಬೀಗರೇ. ಇವರಲ್ಲಿ ಕೆಲಸಕ್ಕೆ ಬಂದು ಸಂಜೆಗೆ ಹೋಗುವವರೂ, ಜಾತ್ರೆಗೆ ಬಂದು ತೇರು ಎಳೆದೊಡನೆ ಹೋಗುವವರೂ ಅಧ್ಯಯನಯೋಗ್ಯರಲ್ಲ. ಬಂದ ಕಾರಣ ಮುಗಿದ ಮೇಲೂ ಉಳಿದು, ಉಳಿಯುವುದಕ್ಕೆ ದಿನಕ್ಕೊಂದು ಹೊಸ ಕಾರಣ ಹುಡುಕಿಕೊಳ್ಳುವ ಠಿಕಾಣಿ ಬೀಗರೇ ಇಲ್ಲಿನ ವಿಷಯ.

ಅತಿಥಿಗೆ ಮನುಸ್ಮೃತಿ ಒಂದು ರಾತ್ರಿಯನ್ನೂ ಇಸ್ಲಾಮಿನ ಸಂಪ್ರದಾಯ ಮೂರು ದಿನಗಳನ್ನೂ ಗೊತ್ತುಮಾಡಿವೆ. ಠಿಕಾಣಿ ಬೀಗರು ಇವೆರಡನ್ನೂ ಬಿಟ್ಟು, ನೀಡುವವನು ತಾನೆಂಬ ಭಾವವಿಲ್ಲದೆ ನೀಡುವ ಬಸವಣ್ಣನವರ ದಾಸೋಹ ತತ್ವವನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಅದರ ಜೋಡಿಯಾದ ಕಾಯಕದ ಮಾತು ಬಂದಾಗ ಮಾತ್ರ ಅವರಿಗೆ ಕಣ್ಣು ಎಳೆಯುತ್ತದೆ. ಚರಿತ್ರೆಯ ಬೆಂಬಲವೂ ಅವರಿಗಿದೆ. 1686ರಲ್ಲಿ ವಿಜಯಪುರವನ್ನು ಗೆದ್ದ ಔರಂಗಜೇಬನಿಗೆ ಅಲ್ಲಿಗೆ ಬಂದ ಕೆಲಸ ಮುಗಿದಿತ್ತು. ಆದರೂ 1695ರಲ್ಲಿ ಇಟಲಿಯ ಪ್ರವಾಸಿ ಗೆಮೆಲ್ಲಿ ಕರೇರಿ ಅವನನ್ನು ಕಂಡದ್ದು ಕೃಷ್ಣಾತೀರದ ಗಲಗಲಿಯ ಬೀಡಿನಲ್ಲಿ, ಮತ್ತು 1707ರಲ್ಲಿ ಅಹಮದನಗರದ ಬಳಿ ತೀರಿಕೊಳ್ಳುವವರೆಗೂ ಅವನು ದೆಹಲಿಯ ಮುಖ ನೋಡಲಿಲ್ಲ. ಅವನಿಗೆ ಯಾರೂ ‘ಇನ್ನ ಎರಡ ದಿನ ಇರ್ರಿ’ ಎಂದಿರಲಿಲ್ಲವೆಂಬುದೊಂದೇ ವ್ಯತ್ಯಾಸ.

ಈ ‘ಇನ್ನ ಎರಡ ದಿನ ಇರ್ರಿ’ ಎಂಬುದು ಹೊರಟವರಿಗೆ ಹೇಳಲೇಬೇಕಾದ ಉಪಚಾರದ ಮಾತು, ಕೇಳಿದವರು ‘ಇಲ್ಲರಿ, ಭಾಳ ಕೆಲಸ ಅದಾವು’ ಎಂದು ಚೀಲ ಎತ್ತಿಕೊಳ್ಳಬೇಕಾದದ್ದು ಅದರ ಉತ್ತರಾರ್ಧ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಒಂದು ಮನೆಗೆ ಬಂದಿದ್ದ ಬೀಗರಿಗೆ ಉತ್ತರಾರ್ಧ ಗೊತ್ತಿರಲಿಲ್ಲ. ಹೊಲದಲ್ಲಿ ಭೂತಾಯಿಗೆ ಎಡೆಯನ್ನು ಚೆಲ್ಲುವ, ಅಂದರೆ ಚರಗ ಚೆಲ್ಲುವ, ಎಳ್ಳ ಅಮಾವಾಸ್ಯೆಯ ಹಿಂದಿನ ಸಂಜೆ ಬಂದ ಅವರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆಗಳನ್ನು ಮುಗಿಸಿ, ಮರುದಿನ ಬೆಳಿಗ್ಗೆ ಧೋತರ ಉಟ್ಟು, ಪಟಕಾ ಸುತ್ತಿ, ಕೈಚೀಲ ಹಿಡಿದು ಅಂಗಳಕ್ಕೆ ಇಳಿದರು. ಮನೆಯ ಯಜಮಾನರು ಪದ್ಧತಿಯಂತೆ ‘ಇನ್ನ ಎರಡ ದಿನ ಇದ್ದು ಹೋಗ್ರಿ ಮಾವಾರ’ ಎಂದರು. ಬೀಗರು ಚೀಲವನ್ನು ಕೆಳಗಿಟ್ಟು, ಪಟಕಾ ಬಿಚ್ಚಿ ಗೂಟಕ್ಕೆ ಹಾಕಿ, ‘ನೀವು ಇಷ್ಟ ಅಂದಮ್ಯಾಲ ಹ್ಯಾಂಗ ಹೋಗೂದ್ರಿ?’ ಎಂದು ಚಹಾಕ್ಕೆ ಕುಳಿತರು. ಮುಂದೆ ಇದು ನಿತ್ಯವಿಧಿಯಾಯಿತು. ಯಜಮಾನರು ಒಮ್ಮೆ ಧೈರ್ಯ ಮಾಡಿ ಆ ಮಾತನ್ನು ನುಂಗಿದಾಗ ಬೀಗರು ಸಿಂದಗಿ ಬಸ್ಸಿನವರೆಗೂ ನಡೆದರು. ಬಸ್ಸು ಬಂತು, ನಿಂತಿತು, ಕಂಡಕ್ಟರು ಕರೆದ. ‘ಗದ್ದಲ ಭಾಳ ಐತಿ’ ಎಂದು ಅವರು ಊಟದ ಹೊತ್ತಿಗೆ ಸರಿಯಾಗಿ ಮರಳಿದರು. ಆಮೇಲೆ ಮಂಗಳವಾರ ಬಂತು, ಸಂಕ್ರಾಂತಿ ಬಂತು, ವಿಜಯಪುರದ ಸಿದ್ಧೇಶ್ವರ ಜಾತ್ರೆ ಬಂತು. ಅದು ಮುಗಿಯುವಷ್ಟರಲ್ಲಿ ಹಿಂಗಾರಿ ಜೋಳ ಹಾಲುಗಾಳಾಗಿ, ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವ ಸೀತನಿಯ ಕಾಲವೂ ಬಂತು. ಸೀತನಿ ಬಿಟ್ಟು ಹೋಗುವುದು ಯಾರಿಗೂ ಶಕ್ಯವಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಈ ವಿವರಗಳಿಗೆ ಆಕರನಾದ, ಆ ಮನೆಯ ಓದಿದ ಹುಡುಗನು ಮೊದಲ ದಿನವೇ ಮಂಚ ಕಳೆದುಕೊಂಡು ಜೋಳದ ಚೀಲಗಳ ನಡುವೆ ಮಲಗಿದ್ದನು. ದೊಡ್ಡ ಸಂಶೋಧನ ಪ್ರಬಂಧ ಬರೆಯಲು ತಂದ ನೋಟುಬುಕ್ಕಿನಲ್ಲಿ ಅವನು ಬರೆದದ್ದು ಬೀಗರ ಚಹಾದ ಲೆಕ್ಕವೊಂದನ್ನೇ. ಬೀಗರ ಗೊರಕೆ, ಬಿಸಿನೀರಿನ ಹಂಡೆಯ ಮೇಲೆ ಅವರಿಗಿದ್ದ ಪ್ರಥಮಾಧಿಕಾರ, ಪಲ್ಯಕ್ಕೆ ಉಪ್ಪು ಸಾಲದೆಂಬ ತೀರ್ಪು, ಇವು ಆ ನೋಟುಬುಕ್ಕಿನ ಅಂಚುಗಳಲ್ಲಿವೆ.

ಅದೇ ನೋಟುಬುಕ್ಕು ಹೇಳುವ ಇನ್ನೊಂದು ಸಂಗತಿಯೆಂದರೆ, ಕಿವಿ ಮಂದವಾಗಿ ಮೂಲೆ ಹಿಡಿದಿದ್ದ ಮನೆಯ ಮುತ್ಯಾನ ಪಕ್ಕದಲ್ಲಿ ರಾತ್ರಿ ಕುಳಿತು, 1972ರ ಬರದಲ್ಲಿ ಇಬ್ಬರೂ ಕಲ್ಲು ಒಡೆಯಲು ಹೋದ ಕಥೆಯನ್ನು ಬೀಗರು ಕೂಗಿ ಕೂಗಿ ಹೇಳುತ್ತಿದ್ದರು ಮತ್ತು ಮುತ್ಯಾ ಪ್ರತಿರಾತ್ರಿ ಅದೇ ಜಾಗದಲ್ಲಿ ನಗುತ್ತಿದ್ದನು. ದುಡಿಯಲು ಪುಣೆಗೋ ಗೋವೆಗೋ ಹೋದವರ ಬಾಗಿಲಿಗೆ ಕೀಲಿ ಬಿದ್ದಿರುವ ಓಣಿಯಲ್ಲಿ, ಬೀಗರು ಮೋಟಾರ್ ಸೈಕಲ್ಲಿನಲ್ಲಿ ಬಂದು ಚಹಾ ಆರುವ ಮೊದಲೇ ಹೋಗಿಬಿಡುವ ಈ ದಿನಗಳಲ್ಲಿ, ಮುತ್ಯಾನ ಬಳಿ ಅಷ್ಟು ಹೊತ್ತು ಕೂಡುವವರು ಮನೆಯೊಳಗೂ ಇರಲಿಲ್ಲ.

ಕೊನೆಗೆ ಅವರು ಹೊರಟದ್ದು ಮಗಳ ಊರಿನಿಂದ ತೊಟ್ಟಿಲ ಕಾರ್ಯದ ಕರೆ ಬಂದ ಮೇಲೆ, ರೊಟ್ಟಿ ಮತ್ತು ಶೇಂಗಾ ಹಿಂಡಿಯ ಬುತ್ತಿ ಕಟ್ಟಿಸಿಕೊಂಡು. ಬಸ್ಸು ಏರುವಾಗ ‘ಇನ್ನ ಎರಡ ದಿನ ಇರ್ರಿ’ ಎಂದು ಕೂಗಿದವನು ಮಂಚ ಕಳೆದುಕೊಂಡ ಹುಡುಗನೇ. ಅದೃಷ್ಟಕ್ಕೆ ಆ ಹೊತ್ತಿಗೆ ಕಂಡಕ್ಟರು ಸೀಟಿ ಊದಿದ್ದನು.