ಸಮಾಜ ಮೇಷ್ಟ್ರು ಪ್ರೊಫೆಸರಾದರು

ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಪಂಕ್ತಿಭೇದ ಇನ್ನೂ ಉಳಿದಿದೆ. ಗಣಿತ, ವಿಜ್ಞಾನದವರಿಗೆ ಟ್ಯೂಷನ್ ಉಂಟು. ಇಂಗ್ಲಿಷಿನವರಿಗೆ ಗತ್ತು ಉಂಟು. ಕನ್ನಡ ಪಂಡಿತರಿಗೆ ಮೈಕು ಉಂಟು. ಸಮಾಜ ವಿಜ್ಞಾನದವರಿಗೆ ಮಿಕ್ಕಿದ್ದೆಲ್ಲ ಉಂಟು: ಬಿಸಿಯೂಟದ ಮೊಟ್ಟೆ ಲೆಕ್ಕ, ಪ್ರವಾಸದ ಬಸ್ಸು, ಶಾಲಾ ಸಂಸತ್ತಿನ ಚುನಾವಣೆ, ಅಸಲಿ ಚುನಾವಣೆ, ಜನಗಣತಿ, ಆಗಸ್ಟ್ 15ರ ಬಣ್ಣದ ಕಾಗದ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಷಯಗಳನ್ನು ಒಂದೇ ಪಠ್ಯಪುಸ್ತಕದಲ್ಲಿ ಹೊತ್ತು, ಊಟದ ನಂತರದ ಪೀರಿಯಡ್ಡಿನಲ್ಲಿ ತೂಕಡಿಸುವ ಮಕ್ಕಳೆದುರು ನಿಲ್ಲುವ ಈ ಮನುಷ್ಯನ ಬಗ್ಗೆ ಹೆಡ್‌ಮಾಸ್ಟರರ ಅಭಿಪ್ರಾಯ ಒಂದೇ: "ಸಮಾಜ ತಾನೆ? ಓದ್ಕೊಂಡ್ರೆ ಬರುತ್ತೆ ಬಿಡಿ."

ಇಂಥ ಮೇಷ್ಟ್ರುಗಳಲ್ಲಿ ಜಿಲ್ಲೆಗೊಬ್ಬರಾದರೂ ಮುಂದೆ ಬಿ.ಎಡ್. ಕಾಲೇಜಿನ ಪ್ರೊಫೆಸರ್ ಆಗುತ್ತಾರೆ. ನಾನು ಹೇಳಹೊರಟಿರುವುದು ಅವರ ಕಥೆ. ಹೆಸರು ಬೇಡ, ನಿಮ್ಮ ಜಿಲ್ಲೆಯವರ ಹೆಸರನ್ನೇ ಹಾಕಿಕೊಂಡು ಓದಿ.

ಶಾಲೆಯಲ್ಲಿದ್ದಾಗ ನಮ್ಮ ಮೇಷ್ಟ್ರು ಪಾಠ ಯೋಜನೆ ಬರೆಯುತ್ತಿದ್ದದ್ದು ಇನ್‌ಸ್ಪೆಕ್ಷನ್ನಿನ ಹಿಂದಿನ ರಾತ್ರಿ ಮಾತ್ರ. ಆದರೆ 1565ರ ರಕ್ಕಸತಂಗಡಿ ಯುದ್ಧ ಮಾಡಿದರೆ ನೋಡಬೇಕಿತ್ತು. ಕಿಟಕಿ ಪಕ್ಕದ ಸಾಲು ವಿಜಯನಗರ. ಗೋಡೆ ಪಕ್ಕದ ನಾಲ್ಕು ಬೆಂಚುಗಳು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್. ನಡುವಿನ ಓಣಿಯಲ್ಲಿ ಕೃಷ್ಣೆ ಹರಿಯುತ್ತಿದ್ದಳು. ರಾಮರಾಯ ಸೆರೆಸಿಕ್ಕುವ ಹೊತ್ತಿಗೆ ಪಕ್ಕದ ಕೊಠಡಿಯ ಗಣಿತದವರು ಬಂದು, "ಸಾರ್, ಸ್ವಲ್ಪ ಮೆಲ್ಲಗೆ ಸೋಲಿ" ಎಂದು ಕೇಳಿಕೊಳ್ಳುತ್ತಿದ್ದರು. ಆ ಪಾಠದಲ್ಲಿ ಉದ್ದೇಶವೂ ಇರಲಿಲ್ಲ, ಹಂತವೂ ಇರಲಿಲ್ಲ. ಮಕ್ಕಳಿಗೆ ಮಾತ್ರ ಯುದ್ಧ ಯಾಕಾಯಿತು, ಹಂಪಿ ಯಾಕೆ ಹಾಳಾಯಿತು ಎಂಬುದು ಮರೆಯುತ್ತಿರಲಿಲ್ಲ.

ಹೀಗಿದ್ದವರು, ಮೂರನೆಯ ಬಾರಿ ಮತಗಟ್ಟೆ ಡ್ಯೂಟಿ ಮುಗಿಸಿ ಮಳೆಯಲ್ಲಿ ನೆನೆದು ಬಂದ ರಾತ್ರಿ ಎಂ.ಎಡ್. ಮಾಡುವುದೆಂದು ನಿಶ್ಚಯಿಸಿದರು. ಎಂ.ಎಡ್. ಪಿಎಚ್.ಡಿ.ಗೆ ಕರೆದೊಯ್ಯಿತು. ಪ್ರಬಂಧದ ವಿಷಯ: "ಪ್ರೌಢಶಾಲಾ ವಿದ್ಯಾರ್ಥಿಗಳ ಅಧ್ಯಯನ ಹವ್ಯಾಸಗಳು ಮತ್ತು ಸಮಾಜ ವಿಜ್ಞಾನದಲ್ಲಿ ಅವರ ಸಾಧನೆ: ಒಂದು ಅಧ್ಯಯನ." ಪ್ರಶ್ನಾವಳಿ ಹಂಚಿ, ಕೋಷ್ಟಕ ಕಟ್ಟಿ, ಕೊನೆಗೆ ಕಂಡುಕೊಂಡದ್ದು: ದಿನಾ ಓದುವವರಿಗೆ ಓದದವರಿಗಿಂತ ಹೆಚ್ಚು ಅಂಕ ಬರುತ್ತದೆ.

"ಇದನ್ನ ಕಂಡುಹಿಡಿಯೋಕೆ ಇಷ್ಟು ವರ್ಷ ಬೇಕಾಯ್ತೇನ್ರೀ? ನಮ್ಮಮ್ಮ ದಿನಾ ಸಂಜೆ ಹೇಳ್ತಿದ್ರು," ಎಂದರು ಮನೆಯವರು.

"ನಿಮ್ಮಮ್ಮ ಟಿ-ಟೆಸ್ಟ್ ಮಾಡಿದ್ರಾ?" ಎಂದರು ಡಾಕ್ಟರು. ಆ ಮಾತಿಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಬಿ.ಎಡ್. ಕಾಲೇಜು ಸೇರಿದ ಮೇಲೆ ಅವರು ಮಕ್ಕಳನ್ನು ಕಂಡದ್ದು ಕಡಿಮೆ. ಮಗುವಿನ ಬಗ್ಗೆ ಮಾತಾಡಿದ್ದು ಅಪಾರ. ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಮಂಜ, ಸಲೀಮ, ಕೆಂಪಮ್ಮನ ಮಗಳು. ಇಲ್ಲಿ ಸಿಕ್ಕಿದ್ದು "ಕಲಿಕಾರ್ಥಿ". ಮಂಜ ಕಿಟಕಿ ಹಾರುತ್ತಿದ್ದ. ಕಲಿಕಾರ್ಥಿ ಎಲ್ಲಿಗೂ ಹಾರುವುದಿಲ್ಲ. ಮನೋವಿಜ್ಞಾನಿ ಪಿಯಾಜೆ ಹೇಳಿದ ವಯಸ್ಸಿಗೆ ಸರಿಯಾಗಿ ಬೆಳೆಯುತ್ತಾನೆ, ವೈಗೋಟ್‌ಸ್ಕಿ ಗುರುತಿಸಿದ ವಲಯದಲ್ಲಿ ಕೈಕಟ್ಟಿ ಕೂರುತ್ತಾನೆ. ಇಷ್ಟು ವಿಧೇಯನಾದ ಹುಡುಗ ಪ್ರೊಫೆಸರರಿಗೆ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ.

ಅವರಿಗೆ ತುಂಬ ಪ್ರೀತಿಯದು ಅಣುಬೋಧನೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ಪದ್ಧತಿಗೆ ನಮ್ಮ ಬಿ.ಎಡ್. ಪುಸ್ತಕಗಳಲ್ಲಿ 36 ನಿಮಿಷದ ಸುತ್ತು ನಿಗದಿಯಾಗಿದೆ: ಪಾಠಕ್ಕೆ 6, ವಿಮರ್ಶೆಗೆ 6, ಮರುಯೋಜನೆಗೆ 12, ಮರುಪಾಠಕ್ಕೆ 6, ಮರುವಿಮರ್ಶೆಗೆ 6. ಮಕ್ಕಳ ಪಾತ್ರವನ್ನು ಸಹಪಾಠಿಗಳೇ ವಹಿಸಬೇಕು. ಎರಡು ಮಕ್ಕಳ ತಾಯಿ ಎಂಟನೇ ಕ್ಲಾಸಿನ ಹುಡುಗಿಯಾಗಿ ಎದ್ದುನಿಂತು, "ಭಾರತದ ರಾಜಧಾನಿ ನವದೆಹಲಿ, ಸಾರ್" ಎನ್ನುತ್ತಾರೆ. ಮೀಸೆ ಬಿಟ್ಟ ಶಿಕ್ಷಕ, "ಜಾಣೆ, ಕೂತ್ಕೋ ಪುಟ್ಟಿ" ಎನ್ನುತ್ತಾನೆ. ಪ್ರೊಫೆಸರರು ಮೂಲೆಯಲ್ಲಿ ಕೂತು "ಪುನರ್ಬಲನ ಕೌಶಲ" ಎಂಬ ಕಾಲಮ್ಮಿಗೆ ಒಂದು ಗೀಟು ಹಾಕುತ್ತಾರೆ.

ಕಾಲ ಬದಲಾದಾಗ ಅವರು ಹಿಂದೆ ಬೀಳಲಿಲ್ಲ. ಹರ್ಬಾರ್ಟ್ ಪಂಥದ ಐದು ಪಾಠ ಹಂತಗಳನ್ನು ಬಾಯಿಪಾಠ ಮಾಡಿಸಿದರು. ಬ್ಲೂಮ್ 1956ರಲ್ಲಿ ಪ್ರಕಟಿಸಿದ ಶೈಕ್ಷಣಿಕ ಉದ್ದೇಶಗಳ ವರ್ಗೀಕರಣ ಹಿಡಿದು, "ವಿದ್ಯಾರ್ಥಿಯು ಸ್ಮರಿಸುತ್ತಾನೆ, ಗುರುತಿಸುತ್ತಾನೆ, ವ್ಯತ್ಯಾಸ ತಿಳಿಸುತ್ತಾನೆ" ಎಂದು ಸಾವಿರಾರು ಪುಟ ಬರೆಸಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದು, ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದಿತು. ತಕ್ಷಣ ರಚನಾವಾದಿಯಾದರು. ಹೊಸ ಪಾಠ ಯೋಜನೆಯಲ್ಲೂ ಇಂಗ್ಲಿಷಿನ "ಇ"ಯಿಂದ ಶುರುವಾಗುವ ಐದು ಹಂತಗಳೇ ಇದ್ದದ್ದರಿಂದ ಹಾಳೆಗೆ ಗೆರೆ ಎಳೆಯುವ ಕೆಲಸ ತಪ್ಪಿತು; ಹರ್ಬಾರ್ಟನನ್ನು ಅಳಿಸಿದರೆ ಸಾಕಾಯಿತು. 2015ರಲ್ಲಿ ಬಿ.ಎಡ್. ಒಂದು ವರ್ಷದಿಂದ ಎರಡು ವರ್ಷವಾಯಿತು. ನೋಟ್ಸು ಅದೇ; ಡಿಕ್ಟೇಷನ್ ನಿಧಾನವಾಯಿತು.

ಶನಿವಾರ ಬಂದರೆ ಅವರು ಸಂಪನ್ಮೂಲ ವ್ಯಕ್ತಿ. "ಉಪನ್ಯಾಸ ಪದ್ಧತಿಯ ಮಿತಿಗಳು" ಕುರಿತು ಅವರು ಕೊಡುವ ಎರಡು ಗಂಟೆಯ ಉಪನ್ಯಾಸ ಜಿಲ್ಲೆಯಲ್ಲಿ ಪ್ರಸಿದ್ಧ. ಕೆಳಗೆ ಕೂತ ಶಿಕ್ಷಕರು ಆ ಮಿತಿಗಳನ್ನು ಅಲ್ಲಲ್ಲೇ ಅನುಭವಿಸುತ್ತಾರಾದ್ದರಿಂದ ಪ್ರಾತ್ಯಕ್ಷಿಕೆ ಬೇರೆ ಬೇಕಾಗುವುದಿಲ್ಲ.

ಮೊನ್ನೆ ಅವರು ಪ್ರಾಕ್ಟೀಸ್ ಟೀಚಿಂಗ್ ನೋಡಲು ಒಂದು ಹೈಸ್ಕೂಲಿಗೆ ಹೋಗಿದ್ದರು. ಪ್ರಶಿಕ್ಷಣಾರ್ಥಿ ಹುಡುಗಿಗೆ ಸಿಕ್ಕಿದ್ದು ವಿಜಯನಗರದ ಪತನ. ಚಾರ್ಟು ಜಾರಿ ಬಿತ್ತು, ಹುಡುಗರು ನಕ್ಕರು, ಅವಳ ದನಿ ನಡುಗಿತು. ಹಿಂದಿನ ಬೆಂಚಿನಲ್ಲಿದ್ದ ಪ್ರೊಫೆಸರರ ಮೈಯಲ್ಲಿ ಅದೇನು ಬಂತೋ, "ನೀನು ಕೂತ್ಕೊಳ್ಳಮ್ಮ" ಎಂದು ಎದ್ದರು. ಕಿಟಕಿ ಸಾಲು ವಿಜಯನಗರವಾಯಿತು. ಗೋಡೆ ಸಾಲಿಗೆ ನಾಲ್ವರು ಸುಲ್ತಾನರು ಬಂದರು. ಬೆಲ್ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಮುಂದಿನ ಪೀರಿಯಡ್ಡಿನ ಮೇಷ್ಟ್ರು ಬಾಗಿಲಲ್ಲೇ ನಿಂತು, ರಾಮರಾಯನ ಗತಿ ತಿಳಿದುಕೊಂಡೇ ಒಳಬಂದರು.

ಬೆವರೊರೆಸಿಕೊಂಡು ಹೊರಬಂದ ಪ್ರೊಫೆಸರರು ಜಗಲಿಯಲ್ಲಿ ಕೂತು, ಹುಡುಗಿಯ ಅಬ್ಸರ್ವೇಷನ್ ಬುಕ್ ತೆರೆದು, ಕೆಂಪು ಪೆನ್ನಿನಲ್ಲಿ ಬರೆದರು: "ಕಲಿಕಾ ಉದ್ದೇಶಗಳು ಸ್ಪಷ್ಟವಿಲ್ಲ. ಕಪ್ಪುಹಲಗೆ ಬಳಸಿಲ್ಲ. ತರಗತಿ ನಿಯಂತ್ರಣ ಸಾಲದು. ಮೌಲ್ಯಮಾಪನದ ಹಂತ ತಲುಪಿಲ್ಲ." ಕೆಳಗೆ 25ಕ್ಕೆ 11 ಅಂಕ.

ಹುಡುಗಿ ಓದಿ, ಧೈರ್ಯ ಮಾಡಿ ಕೇಳಿದಳು: "ಸಾರ್, ಪಾಠ ಮಾಡಿದ್ದು ನೀವಲ್ವಾ?"

"ಯಾರು ಮಾಡಿದ್ರು ಅನ್ನೋದು ಮುಖ್ಯ ಅಲ್ಲಮ್ಮ," ಎಂದರು ಪ್ರೊಫೆಸರರು ಪೆನ್ನಿನ ಕ್ಯಾಪು ಹಾಕುತ್ತ. "ಮೌಲ್ಯಮಾಪನ ಯಾವಾಗಲೂ ವಸ್ತುನಿಷ್ಠವಾಗಿರಬೇಕು."