ಪಾರ್ಕಿಂಗ್ ಉಂಬಳಿ: ಒಂದು ಶಾಸನಶಾಸ್ತ್ರೀಯ ವಿವೇಚನೆ

ಧರ್ಮಪುರಿ ಸೀಮೆಯ ಶಾಸನಗಳ ಮೇಲೆ ಬೇಕಾದಷ್ಟು ವಿದ್ವತ್ತು ಹರಿದಿದೆ. ಹಳೆಯ ತಗಡೂರು ಎಂಬ ಈ ನೆಲದಲ್ಲಿ ನೊಳಂಬರು 9ನೇ ಶತಮಾನದಲ್ಲೇ ಕನ್ನಡದಲ್ಲಿ ದತ್ತಿ ಬರೆಸಿಟ್ಟು ಹೋಗಿದ್ದಾರೆ. ಆದರೆ ನಮ್ಮ ಕಂಬೈನಲ್ಲೂರಿನ ಹುಡುಗರು ದುಡಿಯಲು ಹೋಗುವ ಹೊಸೂರು, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಯ ನೆಲಮಾಳಿಗೆಯಲ್ಲಿ ಸಿಗುವ ಶಾಸನಗಳನ್ನು ಈವರೆಗೆ ಯಾವ ಪಂಡಿತರೂ ಅಚ್ಚೆತ್ತಿಕೊಂಡಿಲ್ಲ. ಏಕಜನಾರೂಢ ಚತುಶ್ಚಕ್ರ ಯಾನ (ಇನ್ನು ಮುಂದೆ ಏ.ಚ.ಯಾ.) ಎಂಬ ಪಿಡುಗಿನ ಮೂಲ ಅಲ್ಲಿಯೇ ಇದೆ ಎಂಬುದು ಪ್ರಸ್ತುತ ಲೇಖಕನ ಸಿದ್ಧಾಂತ.

ಶಾಸನದ ಪಾಠ ಚಿಕ್ಕದು: ‘ರಿಸರ್ವ್ಡ್ — ಜಿ.ಎಂ.’ ಲಿಪಿ ಇಂಗ್ಲಿಷ್, ಶಿಲೆ ಸಿಮೆಂಟು, ಮಸಿ ಬಿಳಿ ಪೇಂಟು. ಜಿ.ಎಂ. ಎಂದರೆ ಗಂಗ ಮಹಾರಾಜ ಎಂದು ಸಾಧಿಸಿ ಡಾಕ್ಟರೇಟ್ ಪಡೆಯುವ ಆಸೆ ಯಾರಿಗಾದರೂ ಇದ್ದರೆ ಬಿಡುವುದು ಒಳಿತು. ಅದು ಜನರಲ್ ಮ್ಯಾನೇಜರೇ. ದತ್ತಿಯ ಸ್ವರೂಪ ಸರ್ವಮಾನ್ಯ, ಅಂದರೆ ಬಾಡಿಗೆಯಿಲ್ಲ, ಸುಂಕವಿಲ್ಲ, ಆಚಂದ್ರಾರ್ಕ ಅಲ್ಲದಿದ್ದರೂ ಆ-ನಿವೃತ್ತಿ. ಚತುಸ್ಸೀಮೆ: ಮೂಡಲು ಕಂಬ, ತೆಂಕಲು ಲಿಫ್ಟು, ಪಡುವಲು ಎ.ಜಿ.ಎಂ. ಅವರ ಉಂಬಳಿ, ಬಡಗಲು ಜನರೇಟರು. ಶಾಪಾಶಯವೂ ಉಂಟು: ಇದನ್ನು ಅಪಹರಿಸಿದವನ ಗಾಲಿಗೆ ಬೀಗ ಬೀಳುವುದು.

ವಿಸ್ತೀರ್ಣದ ಪ್ರಶ್ನೆ ಸ್ವಲ್ಪ ದೀರ್ಘವಾಗಿ ನೋಡತಕ್ಕದ್ದು. ನಮ್ಮ ನಗರ ಯೋಜಕರು ನೆಲಮಾಳಿಗೆಯಲ್ಲಿ ಒಂದು ಕಾರಿಗೆ, ಓಡಾಡುವ ದಾರಿಯೂ ಸೇರಿ, 32 ಚದರ ಮೀಟರ್ ಲೆಕ್ಕ ಹಿಡಿಯುತ್ತಾರೆ. ಎಂದರೆ ಸುಮಾರು 344 ಚದರಡಿ. ಅದೇ ಕಾರಿನಿಂದಿಳಿದು ಮೇಲೆ ಹೋಗುವ ಮನುಷ್ಯನಿಗೆ ಐ.ಟಿ. ಕಚೇರಿಯಲ್ಲಿ ಸಿಗುವುದು ಹೆಚ್ಚೆಂದರೆ 100 ಚದರಡಿ, ಅದೂ ಕಾರಿಡಾರು ಸೇರಿಸಿ. ದುಡಿಯುವ ಜೀವಕ್ಕಿಂತ ದಿನವಿಡೀ ನಿದ್ದೆ ಮಾಡುವ ಕಬ್ಬಿಣಕ್ಕೆ ಮೂರು ಪಟ್ಟಿಗೂ ಹೆಚ್ಚು ಜಾಗ. ಇಂಥ ಉಂಬಳಿ ಕೊಟ್ಟು, ಅದರ ಪಕ್ಕದ ಗೋಡೆಗೇ ‘ಕಾರ್‌ಪೂಲ್ ಮಾಡಿ, ಭೂಮಿ ಉಳಿಸಿ’ ಎಂಬ ಭಿತ್ತಿಪತ್ರ ಅಂಟಿಸುವುದು ಮಾಲೀಕವರ್ಗದ ವೈಶಿಷ್ಟ್ಯ.

ಪುಕ್ಕಟೆ ಜಾಗವೇ ಒಂಟಿ ಕಾರುಗಳನ್ನು ಸಾಕುತ್ತದೆಂಬ ರಹಸ್ಯವನ್ನು ಮೊದಲು ಜಾಹೀರು ಮಾಡಿದವರಲ್ಲಿ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಶೂಪ್ ಪ್ರಮುಖರು. ಜಾಗವನ್ನು ಪುಕ್ಕಟೆ ಕೊಡುವ ಬದಲು ಅದರ ಬೆಲೆಯನ್ನು ನೌಕರನ ಕೈಗೇ ಕೊಡಿ, ಬೇಕಾದರೆ ಕಾರಿಗೆ ಸುರಿಯಲಿ, ಬೇಡವಾದರೆ ಬಸ್ಸು ಹತ್ತಿ ಜೇಬಿಗಿಳಿಸಲಿ ಎಂದರು. ಅಲ್ಲಿ 1992ರಲ್ಲಿ ಕಾನೂನೇ ಬಂತು. ಎಂಟು ಸಂಸ್ಥೆಗಳನ್ನು ಅವರು ಪರೀಕ್ಷಿಸಿದಾಗ ಒಂಟಿಯಾಗಿ ಕಾರೋಡಿಸಿ ಬರುವವರು ಶೇ. 76ರಿಂದ 63ಕ್ಕೆ ಇಳಿದಿದ್ದರು. ಭಿತ್ತಿಪತ್ರ ಯಾರೂ ಅಂಟಿಸಿರಲಿಲ್ಲವೇನೋ.

ನಮ್ಮಲ್ಲಿ ಹಣದ ಬದಲು ಕಪ್ಪು ಕೊಡುತ್ತಾರೆ. ಪರಿಸರ ದಿನದಂದು ಕಾರು ಬಿಟ್ಟು ಬಂದ ನೌಕರನಿಗೆ ಸಲ್ಲುವ ಕಾಫಿ ಕಪ್ಪು ವಸ್ತುತಃ ಒಂದು ವೀರಗಲ್ಲು. ಸಾಂಪ್ರದಾಯಿಕ ವೀರಗಲ್ಲಿಗೆ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಕಪ್ಪಿನಲ್ಲೂ ಕೆಳಗೆ ಸೈಕಲ್ಲು, ನಡುವೆ ಎಲೆ, ಮೇಲೆ ಕಂಪನಿಯ ಲೋಗೊ. ವೀರನು ಮರುದಿನ ಕಾರಿನಲ್ಲೇ ಬಂದನೆಂಬುದಕ್ಕೆ ಗೇಟಿನ ದಾಖಲೆಯುಂಟು.

ಪೂರ್ವಪಕ್ಷ: ‘ಊರಿಂದೂರಿಗೆ ಬಸ್ಸೆಲ್ಲಿದೆ ಸ್ವಾಮಿ? ನೌಕರರು ಹೇಗೆ ಬರಬೇಕು?’ ಇದನ್ನು ಕೇಳುವ ಕಂಪನಿಗಳಿಗೆ ಬಸ್ಸು ತಿಳಿಯದ ವಿದ್ಯೆಯೇನಲ್ಲ. ಹೊಸೂರು ಸುತ್ತಿನ ಕಾರ್ಖಾನೆಗಳ ಬಸ್ಸುಗಳು ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಶಿಫ್ಟಿಗೆ ಸರಿಯಾಗಿ ಹೊತ್ತು ತರುತ್ತವೆ. ಬಸ್ಸು ಹತ್ತು ನಿಮಿಷ ತಡವಾದರೆ ಸೂಪರ್‌ವೈಸರ್ ಫೋನು: ‘ಎಲ್ಲಿದ್ದೀಯಣ್ಣಾ, ಲೈನು ನಿಂತಿದೆ!’ ಲೈನು ನಿಲ್ಲುವುದಾದರೆ ಬಸ್ಸು ಬರುತ್ತದೆ, ಇದೇ ಏ.ಚ.ಯಾ. ಶಾಸ್ತ್ರದ ಪ್ರಧಾನ ಪ್ರಮೇಯ. ಮ್ಯಾನೇಜರ್ ತಡವಾಗಿ ಬಂದರೆ ಏನೂ ನಿಲ್ಲುವುದಿಲ್ಲವಾದ್ದರಿಂದ ಅವರು ಅದೇ ಬಸ್ಸಿನ ಹಿಂದೆ, ಐದು ಸೀಟಿನ ಕಾರಿನಲ್ಲಿ ಒಬ್ಬರೇ, ಹಾರ್ನ್ ಹೊಡೆಯುತ್ತ ಬರುತ್ತಾರೆ. ಕಾರು ಬಿಟ್ಟು ಒಟ್ಟಿಗೆ ವ್ಯಾನು ಹತ್ತಿದ ದೃಷ್ಟಾಂತ ಉಂಟೇ? ಉಂಟು. ಅಮೆರಿಕದ 3ಎಂ ಕಂಪನಿ 1973ರಲ್ಲೇ ನೌಕರರ ಕೈಗೆ ವ್ಯಾನು ಕೊಟ್ಟಿತು. ಓಡಿಸುವವನೂ ಅವರಲ್ಲೇ ಒಬ್ಬ. ಅವನಿಗೆ ಮಾತ್ರ ಪ್ರಯಾಣ ಪುಕ್ಕಟೆ.

ಇನ್ನು 2025ರ ಪತ್ರಶಾಸನಗಳು. ಆ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಜೀಂ ಪ್ರೇಮ್‌ಜಿಯವರಿಗೆ ಬರೆದು, ಬೆಂಗಳೂರಿನ ಹೊರವರ್ತುಲ ರಸ್ತೆಯ ದಟ್ಟಣೆ ತಗ್ಗಲು ವಿಪ್ರೊದ ಸರ್ಜಾಪುರ ಆವರಣದೊಳಗಿಂದ ವಾಹನಗಳಿಗೆ ದಾರಿ ಬಿಡಿ ಎಂದರು. ಖಾಸಗಿ ಸ್ವತ್ತು, ವಿಶೇಷ ಆರ್ಥಿಕ ವಲಯದ ಕಟ್ಟುಪಾಡು ಎಂದು ಪ್ರೇಮ್‌ಜಿ ಒಪ್ಪಲಿಲ್ಲ. ತಜ್ಞರ ಅಧ್ಯಯನಕ್ಕೆ ಬೇಕಾದರೆ ಹಣ ಕೊಡುತ್ತೇವೆಂದರು. ಊರೆಲ್ಲ ಕಾರು ಎಲ್ಲಿಂದ ಹೋಗಬೇಕೆಂದು ಚರ್ಚಿಸಿತು. ಒಳಗೆ ಎಷ್ಟು ಜನ ಕೂತಿರಬೇಕೆಂಬುದು ಭಾಷ್ಯಕಾರರಿಗೆ ಹೊಳೆಯಲಿಲ್ಲ. ಆ ಪತ್ರಕ್ಕೆ ಒಂದು ತಿಂಗಳ ಹಿಂದಷ್ಟೆ, ಆಗಸ್ಟ್ 10ರಂದು, ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೊ ಉದ್ಘಾಟನೆಯಾಗಿ ಎಲೆಕ್ಟ್ರಾನಿಕ್ ಸಿಟಿಯ ಬಾಗಿಲಿಗೇ ರೈಲು ಬಂದಿತ್ತು. ಅಲ್ಲಿನ ಉಂಬಳಿಗಳು ಅಬಾಧಿತವಾಗಿವೆ.

ಆದಕಾರಣ ಮಾಲೀಕರ ಉಪಯೋಗಕ್ಕಾಗಿ ಹೊಸ ಶಾಸನದ ಕರಡೊಂದನ್ನು ಇಲ್ಲಿ ಕೊಟ್ಟಿದೆ:

‘ಸ್ವಸ್ತಿ. ನಮ್ಮ ಕಂಪನಿಯ ನೆಲಮಾಳಿಗೆಯ ಸಮಸ್ತ ಸರ್ವಮಾನ್ಯಗಳನ್ನೂ ಇಂದಿನಿಂದ ರದ್ದು ಮಾಡಿ, ಜಾಗದ ಬಾಡಿಗೆಯನ್ನು ಸಕಲ ನೌಕರರಿಗೂ ಸಂಬಳದೊಡನೆ ಕೊಟ್ಟೆವು. ಲಿಫ್ಟಿನ ಪಕ್ಕದ ಭೂಮಿಯನ್ನು ಮೂವರು ಕೂತು ಬಂದ ಕಾರಿಗೆ ಬಿಟ್ಟೆವು. ಶಿಫ್ಟಿನ ಬಸ್ಸಿನ ಮುಂದಿನ ಸೀಟನ್ನು ಜಿ.ಎಂ. ಅವರಿಗೆ ಧಾರೆಯೆರೆದೆವು. ಈ ಧರ್ಮವನ್ನು ಕೆಡಿಸಿದವನು ಶುಕ್ರವಾರ ಸಂಜೆ, ಮಳೆಯಲ್ಲಿ, ಸಿಲ್ಕ್ ಬೋರ್ಡ್ ವೃತ್ತದಲ್ಲಿ ಒಬ್ಬನೇ ಸಿಕ್ಕಿಕೊಳ್ಳುವನು.’

ಕರಡು ಎಚ್.ಆರ್. ವಿಭಾಗಕ್ಕೆ ಹೋಗಿ ಬಂದಿದೆ. ಬಾಡಿಗೆಯ ಸಾಲು ತ್ರುಟಿತವಾಗಿದೆ. ಕೆಳಗೆ ಬೇರೆ ಕೈಬರಹದಲ್ಲಿ ಕಪ್ಪುಗಳ ಸಂಖ್ಯೆ ನಮೂದಾಗಿದೆ.