ಕಿವಿಯ ಮೇಲೆ ಹೂ, ಹೂವಿನ ಮೇಲೆ ಇಎಂಐ

"ಅಕ್ಕರೆ ಮುಗಿದುಹೋಗಿದೆ ಕಣ್ರೀ" ಎಂದು ನನ್ನವಳು ಅಡುಗೆಮನೆಯಿಂದ ಹೇಳಿದಾಗ ನಾನು ಪೇಪರು ಮಡಚಿಟ್ಟೆ. ನಲವತ್ತಮೂರು ವರ್ಷದ ಸಂಸಾರದಲ್ಲಿ ಅವಳು ಇಷ್ಟು ನೇರವಾಗಿ ಎಂದೂ ಮಾತಾಡಿದವಳಲ್ಲ. "ಯಾವತ್ತಿನಿಂದ?" ಎಂದೆ, ಗಂಟಲು ಸರಿಮಾಡಿಕೊಂಡು. "ನಿನ್ನೆ ರಾತ್ರಿಯಿಂದ. ಎದುರುಮನೆಯಿಂದ ಒಂದು ಲೋಟ ಇಸಕೊಂಡು ಬಂದಿದೀನಿ" ಎಂದಳು. ಎದೆ ಧಸಕ್ಕೆಂದಿತು. ಆಮೇಲೆ ಖಾಲಿ ಡಬ್ಬಿ ಹಿಡಿದು ಅವಳೇ ಹೊರಗೆ ಬಂದಳು. ಮುಗಿದದ್ದು ಸಕ್ಕರೆ.

ಕಿವಿ ನುಂಗಿದ್ದು ಒಂದೇ ಒಂದು 'ಸ'. ಮುಪ್ಪಿನ ಕಿವುಡು ಬರುವುದೇ ಹೀಗೆ, ಇಲಿ ಪುಸ್ತಕ ತಿಂದ ಹಾಗೆ, ಅಂಚಿನಿಂದ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರೊಳಗೆ ಸಾಲಾಗಿ ಕೂದಲಿನಂಥ ಕೋಶಗಳು. ಬಾಗಿಲ ಬಳಿ ಕೂತವು ಕೀಚಲು ಸದ್ದನ್ನು ನೋಡಿಕೊಳ್ಳುತ್ತವೆ, ಒಳಮನೆಯಲ್ಲಿರುವವು ಗಡಸು ಸದ್ದನ್ನು. ಬಾಗಿಲ ಬಳಿಯವು ಮೊದಲು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಸ, ಶ, ಥ, ಫ ಮೊದಲು ಹೋಗುತ್ತವೆ. ಅವುಗಳ ಹಿಂದೆಯೇ ಹೆಂಡತಿಯ ದನಿ, ಮೊಮ್ಮಕ್ಕಳ ದನಿ. ಲಾರಿ ಹಾರ್ನು, ಗೇಟಿನಾಚೆ ಗೆಳೆಯ ಕೆಮ್ಮಿದ್ದು, ಇವು ಮಾತ್ರ ಕಡೆಯವರೆಗೂ ಜೊತೆಗಿರುತ್ತವೆ. ಇದಕ್ಕೆ ಮನೆಮಂದಿ ಇಟ್ಟ ಹೆಸರು 'ಜಾಣ ಕಿವುಡು'. ಪ್ರಕೃತಿ ಮಾಡಿದ ತಪ್ಪಿಗೆ ಗಂಡಸಿಗೆ ಶಿಕ್ಷೆಯಾಗುವ ಅಪರೂಪದ ಪ್ರಕರಣ ಇದು.

ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ಮೂವತ್ತೈದು ವರ್ಷ ಊರ ಮಕ್ಕಳ ಕಿವಿ ಹಿಂಡಿದ್ದೇನೆ. ಬಡ್ಡಿ ಸಮೇತ ಹಿಂಡಿಸಿಕೊಳ್ಳುವ ಸರದಿ ಈಗ ಬಂತು.

ಮೊದಲ ಹಿಂಡು ಬಿದ್ದದ್ದು ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ, 'ಉಚಿತ ಶ್ರವಣ ತಪಾಸಣಾ ಶಿಬಿರ'ದ ಬ್ಯಾನರ್ ಅಡಿಯಲ್ಲಿ. ಒಂದು ಕಡೆ ನಗೆಕೂಟದವರು ಹೊಟ್ಟೆ ಹಿಡಿದು ಹ್ಹ ಹ್ಹ ಹ್ಹ, ಇನ್ನೊಂದು ಕಡೆ ಕಸದ ಗಾಡಿಯ ಧ್ವನಿವರ್ಧಕ, ನಡುವೆ ಒಂದು ಮಡಚುವ ಮೇಜು. ಸದ್ದೇ ನುಸುಳದ ಕೋಣೆಯಲ್ಲಿ ಮಾಡಬೇಕಾದ ಪರೀಕ್ಷೆ ಅದು. "ಕೀ ಅಂತ ಕೇಳಿಸಿದಾಗ ಬಟನ್ ಒತ್ತಿ ಅಂಕಲ್" ಎಂದ ಹುಡುಗ. ಆ ಗದ್ದಲದಲ್ಲಿ ಹದಿನಾರರ ಹರೆಯದವನಿಗೂ ಕೀ ಕೇಳಿಸುತ್ತಿರಲಿಲ್ಲ. ಶಿಬಿರಕ್ಕೆ ಬಂದ ಇಪ್ಪತ್ತೆರಡು ಮಂದಿಯಲ್ಲಿ ಇಪ್ಪತ್ತೆರಡೂ ಮಂದಿಗೆ ಕಿವಿ ಮಿಷನ್ನು ಬೇಕೆಂದು ಪತ್ತೆಯಾಯಿತು. ಅವರಲ್ಲೊಬ್ಬರು ಹೆಂಡತಿಯ ಚೀಲ ಹಿಡಿದುಕೊಳ್ಳಲು ಬಂದವರು. ಕಿವಿಯೊಳಗೆ ಟಾರ್ಚು ಬಿಟ್ಟು ಇಣುಕಿದವರು ಯಾರೂ ಇಲ್ಲ. ಗುಗ್ಗೆ ಕಟ್ಟಿದ್ದರೆ ಇಎನ್‌ಟಿ ಡಾಕ್ಟರು ಹತ್ತು ನಿಮಿಷದಲ್ಲಿ ತೆಗೆದು ಕಳಿಸುತ್ತಾರೆ. ಆದರೆ ಗುಗ್ಗೆಗೆ ಇಎಂಐ ಇಲ್ಲವಲ್ಲ.

2050ರ ಹೊತ್ತಿಗೆ ಭೂಮಿಯ ಮೇಲಿನ ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ಡಾಕ್ಟರುಗಳು ಓದಿ ಮರುಗಿದರು. ವ್ಯಾಪಾರಿಗಳು ಓದಿ ಷಟರ್ ಎತ್ತಿದರು.

ಬೆಂಗಳೂರಿನ ಮಗ ರಜೆ ಹಾಕಿ ಬಂದ. "ದುಡ್ಡಿನ ಯೋಚನೆ ಮಾಡ್ಬೇಡಿ ಅಪ್ಪ" ಎಂದ. ಮಕ್ಕಳು ಹೀಗೆಂದಾಗ ಯೋಚನೆ ಶುರುಮಾಡಬೇಕು. ಮುಖ್ಯರಸ್ತೆಯ ಗಾಜಿನ ಮಳಿಗೆಗೆ ಕರೆದುಕೊಂಡು ಹೋದ. ಒಳಗೆ ಏಸಿ, ಕಾಫಿ, ಕೊರಳಿಗೆ ಪಟ್ಟಿ ತೂಗುಹಾಕಿಕೊಂಡ ತರುಣ. ಅವನ ಬಿಲ್ಲೆಯಲ್ಲಿ 'ಹಿಯರಿಂಗ್ ಕನ್ಸಲ್ಟೆಂಟ್' ಎಂದಿತ್ತು. ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಯಾರಪ್ಪ ಎಂದರೆ, "ಮೇಡಂ ಗುರುವಾರ ಬರ್ತಾರೆ" ಎಂದ. ಅಂದು ಶನಿವಾರ. ಕಿವಿ ಬಂದದ್ದು ಶನಿವಾರ, ತಜ್ಞರು ಬರುವುದು ಗುರುವಾರ. ನಡುವೆ ವ್ಯಾಪಾರ ನಿಲ್ಲುತ್ತದೆಯೇ?

ಅವನು ಕಿವಿಯ ಬಗ್ಗೆ ಏನೂ ಕೇಳಲಿಲ್ಲ. "ನಿಮ್ಮ ಲೈಫ್‌ಸ್ಟೈಲ್ ಏನು ಅಂಕಲ್?" ಎಂದ. ಲುಂಗಿ ಎನ್ನೋಣವೆಂದುಕೊಂಡೆ. ಅಷ್ಟರಲ್ಲಿ ಅವನೇ ಕಾಗದದ ಮೇಲೆ ಮೆಟ್ಟಿಲು ಬರೆದು ತೋರಿಸಿದ. ಮನೆಯಲ್ಲೇ ಸುಮ್ಮನೆ ಕೂರುವವರಿಗೆ ಕೆಳಗಿನ ಮೆಟ್ಟಿಲು, ಕಿವಿಯೊಂದಕ್ಕೆ ಇಪ್ಪತ್ತೆಂಟು ಸಾವಿರ. ಹೋಟೆಲು, ಪಾರ್ಟಿ, ಮೀಟಿಂಗು ಇರುವವರಿಗೆ ಮೇಲಿನ ಮೆಟ್ಟಿಲು. ಗದ್ದಲವನ್ನು ತಗ್ಗಿಸಿ ಮಾತನ್ನಷ್ಟೇ ಎತ್ತಿಕೊಡುತ್ತದೆ, ಕಿವಿಯೊಂದಕ್ಕೆ ಎರಡು ಲಕ್ಷದವರೆಗೆ. ನಾನು ಯೋಚಿಸಿದೆ. ನಿಜವಾದ ಗದ್ದಲದಲ್ಲಿ ಬದುಕುವವರು ಯಾರು? ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ, ಎಂಜಿನ್ನಿನ ಪಕ್ಕ ಮೂವತ್ತು ವರ್ಷ ಕೂತ ಬಸ್ ಡ್ರೈವರು, ಮಗ್ಗದ ಮನೆಯವನು. ಗದ್ದಲ ತಗ್ಗಿಸುವ ಮಿಷನ್ನು ಸಿಗುವುದು ಕಂಬಳಿಯಂಥ ಕಾರ್ಪೆಟ್ಟಿನ ಮೇಲೆ ಪಿಸುಗುಟ್ಟುತ್ತ ಮೀಟಿಂಗು ಮಾಡುವವನಿಗೆ. ಅಜ್ಜಿಗೆ ಸಿಗುವುದು ಸಂತೆಯನ್ನೂ ಸೇರಿಸಿ ಜೋರು ಮಾಡುವ ಮಿಷನ್ನು.

ಆಮೇಲೆ ಚಾನೆಲ್ಲುಗಳು. ಎಂಟು ಚಾನೆಲ್, ಹದಿನಾರು ಚಾನೆಲ್, ನಲವತ್ತೆಂಟು ಚಾನೆಲ್. ನಮ್ಮ ಕೇಬಲ್ಲಿನವನು ತಿಂಗಳಿಗೆ ಮುನ್ನೂರು ಚಿಲ್ಲರೆಗೆ ಇನ್ನೂರು ಚಾನೆಲ್ ಕೊಡುತ್ತಾನೆ. ಅದರಲ್ಲೂ ಕೇಳಲು ಯೋಗ್ಯವಾದದ್ದು ಒಂದೂ ಇಲ್ಲ, ಆ ಮಾತು ಬೇರೆ. ಮಿಷನ್ನಿನ ಚಾನೆಲ್ ಎಂದರೆ ಕೀಚಲು, ಗಡಸು ಸದ್ದುಗಳನ್ನು ಎಷ್ಟು ತುಂಡು ಮಾಡಿ ಪ್ರತಿ ತುಂಡನ್ನೂ ಬೇರೆಯಾಗಿ ಏರಿಸಬಹುದು ಎಂಬ ಲೆಕ್ಕ. ಉಪಯೋಗ ಇದೆ. ಆದರೆ ಆ ತುಂಡುಗಳನ್ನು ನನ್ನ ಕಿವಿಯ ನಕ್ಷೆಗೆ ಹೊಂದಿಸಲು ಕೂರುವವರು ಗುರುವಾರ ಬರುತ್ತಾರೆ.

ಮೆಟ್ಟಿಲಿನ ಗುಟ್ಟು ನನಗೆ ತಿಳಿದದ್ದು ನಿಧಾನವಾಗಿ. ಕಿವಿಯ ಹಿಂದೆ ಕೂರುವ ದೊಡ್ಡದನ್ನು ಅವನು ಟ್ರೇಯ ಮೂಲೆಗೆ ತಳ್ಳಿದ್ದ. ಹೊರಗೆ ಕಾಣದಂತೆ ಕಿವಿಯ ತೂತಿನೊಳಗೇ ಅವಿತುಕೊಳ್ಳುವ ಕಡಲೆಕಾಳಿನಷ್ಟನ್ನು ಮಖಮಲ್ಲಿನ ಡಬ್ಬಿಯಿಂದ ತೆಗೆದ. "ಯಾರಿಗೂ ಗೊತ್ತಾಗಲ್ಲ ಅಂಕಲ್" ಎಂದ. ಆ ಒಂದು ಮಾತಿಗೆ ಬೆಲೆ ಸರ್ರನೆ ಏರಿತು. ಮೂಗಿನ ಮೇಲೆ ಎರಡು ಗಾಜು ಏರಿಸಿಕೊಂಡವನಿಗೆ ಜನ ಪಂಡಿತನೆಂದು ಕೈಮುಗಿಯುತ್ತಾರೆ. ಕಿವಿಗೆ ಒಂದು ತಂತಿ ಸಿಕ್ಕಿಸಿಕೊಂಡವನನ್ನು ಕಂಡರೆ, "ಪಾಪ, ಹೋಯ್ತು ಇವರ ಕಥೆ" ಎನ್ನುತ್ತಾರೆ. ಹದಿಹರೆಯದವರು ಎರಡೂ ಕಿವಿಗೆ ಬಿಳಿ ಕಡ್ಡಿ ನೆಟ್ಟುಕೊಂಡು ಇಡೀ ದಿನ ತಿರುಗುತ್ತಾರೆ, ಅದು ಫ್ಯಾಷನ್. ಅದೇ ಜಾಗಕ್ಕೆ ನಾನು ಇಟ್ಟರೆ ಅದು ಮುಪ್ಪು. ಹಾಗಾಗಿ ನಾನು ಕೊಳ್ಳಲು ಹೊರಟದ್ದು ಕೇಳುವ ಶಕ್ತಿಯನ್ನಲ್ಲ, ಕಾಣದಿರುವ ಸೌಕರ್ಯವನ್ನು. ಅದಕ್ಕೇ ಜಿಎಸ್‌ಟಿ ಇಲ್ಲದ ಸಾಮಾನು ಇಷ್ಟೊಂದು ತುಟ್ಟಿ. ನಾಚಿಕೆಯ ಮೇಲಿನ ತೆರಿಗೆಯನ್ನು ನಾವೇ ಸ್ವಂತ ಇಚ್ಛೆಯಿಂದ ಕಟ್ಟುತ್ತೇವೆ.

ಬಣ್ಣದ ವಿಷಯವನ್ನೂ ಹೇಳಬೇಕು. "ಇದು ಸ್ಕಿನ್ ಕಲರ್ ಅಂಕಲ್" ಎಂದು ತೋರಿಸಿದ. ಯಾರ ಸ್ಕಿನ್ನು? ಜಗತ್ತಿನ ಬಹುಪಾಲು ಮಿಷನ್ನುಗಳು ಬರುವುದು ಐದು ದೊಡ್ಡ ಕಂಪನಿಗಳಿಂದ. ಅವುಗಳಲ್ಲಿ ಮೂರು ಡೆನ್ಮಾರ್ಕಿನವು, ಒಂದು ಸ್ವಿಟ್ಜರ್ಲೆಂಡಿನದು, ಒಂದು ಅಮೆರಿಕದ್ದು. ನನ್ನ ರಾಗಿಮುದ್ದೆ ಬಣ್ಣದ ಕಿವಿಯೊಳಗೆ ಡೆನ್ಮಾರ್ಕಿನ ಚರ್ಮ ಅವಿತು ಕೂತರೆ ಅದು ಎಷ್ಟು ಅವಿತೀತು? ನೇರಳೆಹಣ್ಣಿಗೆ ಹಲ್ಲಿ ಮೊಟ್ಟೆ ಅಂಟಿದ ಹಾಗಿತ್ತು.

ಇನ್ನು ದುಡ್ಡು. ಆರೋಗ್ಯ ವಿಮೆ ಇದೆಯಲ್ಲ ಎಂದು ನೆನಪಾಯಿತು. ಆಸ್ಪತ್ರೆಯಲ್ಲಿ ಒಂದು ದಿನವಾದರೂ ಮಲಗಬೇಕಂತೆ. ಕಿವಿಯೊಂದನ್ನೇ ಬಿಚ್ಚಿ ಅಡ್ಮಿಟ್ ಮಾಡುವ ವ್ಯವಸ್ಥೆ ಇನ್ನೂ ಬಂದಿಲ್ಲ. ಸರ್ಕಾರದ ಕಡೆ ತಿರುಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಾದವನು ಮಂದ ಕಿವಿಯವನು, 70 ಆದರೆ ಕಿವುಡ. ನನ್ನದು 50. ಮನೆಯಲ್ಲಿ ಎದುರು ಕೂತು ಆಡುವ ಮಾತೇ ಸುಮಾರು 60 ಡೆಸಿಬೆಲ್. ಅದರಲ್ಲಿ 50 ಕಳೆದರೆ ಉಳಿಯುವುದೆಷ್ಟು ಎಂದು ಗಣಿತದ ಮೇಷ್ಟ್ರಿಗೆ ಯಾರೂ ಹೇಳಬೇಕಾಗಿಲ್ಲ. ಹೆಂಡತಿಯ ಲೆಕ್ಕದಲ್ಲಿ ನಾನು ಶುದ್ಧ ಕಿವುಡ, ಸರ್ಕಾರದ ಲೆಕ್ಕದಲ್ಲಿ ಶುದ್ಧ ಸುಳ್ಳ. ಹಿರಿಯರಿಗೆ ಊರುಗೋಲು, ಹಲ್ಲಿನ ಸೆಟ್ಟು, ಕಿವಿ ಮಿಷನ್ನು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಅದು ಬಡವರಿಗೆ. ಅದು ಸರಿಯೇ, ನನಗೆ ಪೆನ್ಷನ್ ಬರುತ್ತದೆ. ಆ ಪೆನ್ಷನ್ನಿನ ಕಣ್ಣಿಗೆ ಎರಡು ಲಕ್ಷ ಹೇಗೆ ಕಾಣುತ್ತದೆಂದು ಮಾತ್ರ ಯಾರೂ ಕೇಳಿಲ್ಲ. ಭಾವಮೈದ ಆನ್‌ಲೈನಿನಲ್ಲಿ ಸಾವಿರದ ಐನೂರಕ್ಕೆ ಒಂದು ತರಿಸಿಕೊಟ್ಟ. ಅದು ಎಲ್ಲವನ್ನೂ ಒಂದೇ ಸಮ ಜೋರು ಮಾಡುವ ಡಬ್ಬಿ. ಕುಕ್ಕರ್ ಕೂಗಿದಾಗ ನಾನೂ ಕೂಗಿದೆ.

ಕಡೆಗೆ ಕಾಣದ ಜೋಡಿಯೇ ಖಾಯಂ ಆಯಿತು. "ಒಂದು ಕಿವಿಗೆ ಸಾಕಲ್ಲವೇ?" ಎಂದೆ. "ಒಂದೇ ಗಾಜಿನ ಕನ್ನಡಕ ಹಾಕ್ಕೋತೀರಾ ಅಂಕಲ್?" ಎಂದ. ಈ ಮಾತನ್ನು ಅವರಿಗೆ ಟ್ರೇನಿಂಗಿನಲ್ಲೇ ಬಾಯಿಪಾಠ ಮಾಡಿಸುತ್ತಾರೆಂದು ನನ್ನ ಗುಮಾನಿ. ಆದರೆ ಮಾತು ನಿಜ. ಎರಡು ಕಿವಿಯಿದ್ದರೇ ಸದ್ದು ಯಾವ ದಿಕ್ಕಿನದೆಂದು ಗೊತ್ತಾಗುವುದು. ಜೋಡಿಗೆ 1,80,000. ಬಡ್ಡಿಯಿಲ್ಲದ ಇಎಂಐ, 24 ಕಂತು. ಬಿಲ್ಲಿನ ಕೊನೆಯ ಸಾಲು: 'ಫಿಟ್ಟಿಂಗ್ ಮತ್ತು ಹೊಂದಾಣಿಕೆ, ಉಚಿತ'. ಆ ಸಾಲನ್ನು ಓದಿ ನಾನು ಸಂತೋಷಪಟ್ಟೆ. ಮೂರ್ಖ.

ಮನೆಗೆ ಬಂದು ಮೇಷ್ಟ್ರ ಬುದ್ಧಿ ಲೆಕ್ಕ ಹಾಕಿತು. ಮಿಷನ್ನಿನ ಆಯಸ್ಸು ಸುಮಾರು ಐದು ವರ್ಷ. ಮಗ ಫೋನು ಮಾಡುವುದು ಭಾನುವಾರ, ಮೂರು ನಿಮಿಷ. ಐದು ವರ್ಷಕ್ಕೆ 780 ನಿಮಿಷ. ನಿಮಿಷಕ್ಕೆ ಹತ್ತಿರಹತ್ತಿರ 231 ರೂಪಾಯಿ. ಟ್ರಂಕ್ ಕಾಲಿನ ಕಾಲದಲ್ಲೂ ನಾನು ಇಷ್ಟು ತುಟ್ಟಿಯ ಮಾತು ಆಡಿರಲಿಲ್ಲ. ಅದರಲ್ಲಿ ಒಂದು ನಿಮಿಷ "ಕೇಳಿಸ್ತಾ ಇದೆಯಾ ಅಪ್ಪ?" ಎಂಬುದಕ್ಕೇ ಹೋಗುತ್ತದೆ.

ಬ್ಯಾಟರಿಯದು ಇನ್ನೊಂದು ಪುರಾಣ. ಹತ್ತನೇ ನಂಬರಿನದು, ಹಳದಿ ಚೀಟಿಯದು, ಅಡ್ಡಗಲ 5.8 ಮಿಲಿಮೀಟರ್. ಕಣ್ಣಿಗೆ ಪೊರೆ, ಬೆರಳಿಗೆ ನಡುಕ ಬಂದ ವಯಸ್ಸಿನವರಿಗೆಂದೇ ಮಾಡಿದ ಸಾಮಾನಿಗೆ ಸಾಸಿವೆಗಿಂತ ಸ್ವಲ್ಪವೇ ದೊಡ್ಡ ಬ್ಯಾಟರಿ ಇಟ್ಟವನಿಗೆ ಡೆನ್ಮಾರ್ಕಿನಲ್ಲಿ ತಾಯಿ ಇಲ್ಲವೇ? ಬಿದ್ದರೆ ರೆಡ್ ಆಕ್ಸೈಡ್ ನೆಲದ ಮೇಲೆ ಉರುಳಿ ಮಂಚದಡಿ ಸೇರುತ್ತದೆ. ಹುಡುಕಲು ಕನ್ನಡಕ, ಬಗ್ಗಲು ಹೆಂಡತಿ. ಇದು ಗಾಳಿ ಕುಡಿದು ಓಡುವ ಬ್ಯಾಟರಿ. ಬೆನ್ನ ಮೇಲಿನ ಚೀಟಿ ಕಿತ್ತರೆ ತೂತಿನಿಂದ ಗಾಳಿ ಒಳಹೋಗಿ ಜೀವ ಬರುತ್ತದೆ, ಬಂದ ಜೀವ ಬಳಸಿದರೂ ಬಳಸದಿದ್ದರೂ ಸೋರುತ್ತದೆ. ಇದನ್ನು ಯಾರೂ ಹೇಳಿರಲಿಲ್ಲ. ನಾನು ಮುಂದಾಲೋಚನೆಯ ಮನುಷ್ಯ. ಪಟ್ಟಿಯಲ್ಲಿದ್ದ ಆರಕ್ಕೂ ಒಂದೇ ದಿನ ಚೀಟಿ ಕಿತ್ತು ಸಿದ್ಧಮಾಡಿಟ್ಟೆ. ಆರೂ ಸಾಲಾಗಿ ಶಿವನ ಪಾದ ಸೇರಿದವು.

ಮಿಷನ್ನು ಹಾಕಿಕೊಂಡು ಮಾತಾಡಿದರೆ ನನ್ನ ದನಿ ನನಗೇ ಕೊಡದೊಳಗೆ ಮುಖ ತೂರಿಸಿ ಕೂಗಿದ ಹಾಗೆ. ಚಕ್ಕುಲಿ ಅಗಿದರೆ ಕಲ್ಲುಕ್ವಾರಿ. ಗುರುವಾರದ ಮೇಡಂಗೆ ಹೇಳೋಣವೆಂದು ಹೋದರೆ ಅವರು ಬೇರೆ ಊರಿಗೆ ವರ್ಗವಾಗಿದ್ದರು. "ಅಡ್ಜಸ್ಟ್ ಆಗ್ತೀರಿ ಅಂಕಲ್" ಎಂದ ತರುಣ. ಮೂರನೇ ವಾರ ಆ ಜೋಡಿ ಬೀರುವಿನ ಡ್ರಾಯರಿನಲ್ಲಿ ಹಳೆ ವಾಚು, ಹರಿದ ಪಾಸ್‌ಬುಕ್ಕುಗಳ ಪಕ್ಕ ಮಲಗಿತು. ಊರಿನ ಎಷ್ಟೋ ಡ್ರಾಯರುಗಳಲ್ಲಿ ಅವುಗಳ ಅಣ್ಣತಮ್ಮಂದಿರು ಮಲಗಿದ್ದಾರೆಂದು ಆಮೇಲೆ ವಿಚಾರಿಸಿದಾಗ ಗೊತ್ತಾಯಿತು.

ಈಗ ನಾಚಿಕೆ ಬಿಟ್ಟು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೆ. ದೇಶದ ಎಲ್ಲೆಲ್ಲಿಂದಲೋ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಾನು ಹೋಗಿರಲಿಲ್ಲ. ಕ್ಯೂ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ನಿಜವೇನೆಂದರೆ ಆ ಗೇಟಿನೊಳಗೆ ಹೋಗುವುದನ್ನು ನನ್ನ ಹಳೆಯ ಶಿಷ್ಯರು ಯಾರಾದರೂ ನೋಡಿಬಿಟ್ಟರೆ ಎಂಬ ಭಯ. ಎದುರುಮನೆಯ ನಿವೃತ್ತ ಬಸ್ ಡ್ರೈವರಿಗೆ ಆ ಭಯ ಇರಲಿಲ್ಲ. ಮೂರು ವರ್ಷದಿಂದ ಕಿವಿಯ ಹಿಂದೆ ಹುಣಸೆಬೀಜದಷ್ಟು ದಪ್ಪದ್ದು ಏರಿಸಿಕೊಂಡು ಊರಿನ ಸುದ್ದಿಯನ್ನೆಲ್ಲ ಕೇಳುತ್ತಾರೆ. ಅವರೇ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು.

ಕ್ಯೂ ಇತ್ತು. ಬೆಳಗಿನ ಹೊತ್ತೆಲ್ಲ ಹೋಯಿತು. ಮೊದಲು ಕಿವಿಯೊಳಗೆ ಇಣುಕಿದರು. ಆಮೇಲೆ ನನ್ನ ಉಸಿರೇ ನನಗೆ ಕೇಳಿಸುವಂಥ ಕೋಣೆಯಲ್ಲಿ ಕೂರಿಸಿ, ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು ಹಾಕುತ್ತ ನಕ್ಷೆ ಬರೆದರು. ನನ್ನ ಮೊಮ್ಮಗಳ ವಯಸ್ಸಿಗಿಂತ ಸ್ವಲ್ಪ ದೊಡ್ಡ ಹುಡುಗಿ ಆ ನಕ್ಷೆ ತೋರಿಸಿ ಹೇಳಿದಳು: "ಸರ್, ನಿಮಗೆ ಗಡಸು ಸದ್ದು ಚೆನ್ನಾಗೇ ಕೇಳಿಸುತ್ತೆ. ಕೀಚಲು ಮಾತ್ರ ಇಲ್ಲ. ಇಂಥ ಕಿವಿಗೆ ಬಿರಡೆ ಹೊಡೆದ ಹಾಗೆ ಮುಚ್ಚೋ ಮಿಷನ್ ಹಾಕಿದ್ರೆ ನಿಮ್ಮ ದನಿ ಒಳಗೇ ಗುಂಯ್‌ಗುಡುತ್ತೆ. ಕಿವಿ ತೆರೆದೇ ಇರಬೇಕು." ಒಂದು ಲಕ್ಷದ ಎಂಬತ್ತು ಸಾವಿರಕ್ಕೆ ನಾನು ಕೊಂಡದ್ದು ಬಿರಡೆ. ಯಾರಿಗೂ ಕಾಣಬಾರದೆಂದು.

ಆ ಹುಡುಗಿ ಕಿವಿ ಮುಚ್ಚದ ಹೊಸ ಜೋಡಿಯನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿದು ಹೊಂದಿಸಿದಳು. ಎರಡು ವಾರ ಬಿಟ್ಟು ಬನ್ನಿ ಎಂದಳು, ಮತ್ತೆ ಹೊಂದಿಸಿದಳು, ಮತ್ತೊಮ್ಮೆ ಕರೆದಳು. ಇಷ್ಟು ವರ್ಷ ಕೀಚಲು ಕೇಳದೆ ಇದ್ದ ಮಿದುಳು ಆ ಸದ್ದಿಗೆ ಮತ್ತೆ ಒಗ್ಗಲು ತಿಂಗಳುಗಟ್ಟಲೆ ಬೇಕಂತೆ. ಗಾಜಿನ ಮಳಿಗೆಯ ಬಿಲ್ಲಿನಲ್ಲಿ 'ಉಚಿತ' ಎಂದಿದ್ದ ಸಾಲು ಇದೇ. ಉಚಿತವಾದದ್ದನ್ನು ಅವರು ಕೊಡಲೂ ಇಲ್ಲ, ನಾನು ಕೇಳಲೂ ಇಲ್ಲ. ಪ್ಲಾಸ್ಟಿಕ್ಕಿಗೆ ಲಕ್ಷ ಕೊಟ್ಟು ಪ್ರಾಣವನ್ನು ಪುಕ್ಕಟೆ ಎಂದು ಬಿಟ್ಟುಬಂದಿದ್ದೆ.

ಈಗ ನನ್ನ ಎರಡೂ ಕಿವಿಯ ಹಿಂದೆ ಸಣ್ಣ ತಂತಿಯದು ಕೂತಿದೆ. ಕಾಣುತ್ತದೆ. ಬಣ್ಣ ಯಾವುದು ಬೇಕು ಎಂದು ಕೇಳಿದಾಗ ಕಪ್ಪು ಎಂದೆ. ಕಂಡವರು ತಾವಾಗಿ ನಿಧಾನಕ್ಕೆ, ಮುಖ ನೋಡಿ ಮಾತಾಡುತ್ತಾರೆ. ಈ ಸೌಲಭ್ಯ ಯಾವ ಮೆಟ್ಟಿಲಿನಲ್ಲೂ ಇರಲಿಲ್ಲ. ಜೋಡಿಗೆ ಕೊಟ್ಟದ್ದು ಮೊದಲಿನದರ ಐದನೇ ಒಂದು ಪಾಲಿಗಿಂತ ಕಡಿಮೆ. ಬೀರುವಿನಲ್ಲಿರುವ ಜೋಡಿಯನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಮಳಿಗೆಗೆ ಫೋನು ಮಾಡಿದ್ದೆ. ತರುಣ, "ಹಲೋ? ಹಲೋ? ಸರಿಯಾಗಿ ಕೇಳಿಸ್ತಿಲ್ಲ ಅಂಕಲ್" ಎಂದು ಇಟ್ಟುಬಿಟ್ಟ.

ಕಂತು ಇನ್ನೂ ಒಂಬತ್ತು ಬಾಕಿ ಇದೆ.